ಭೀಮಾತೀರವೂ ಯವನರ ನುಡಿಯೂ

ಗ್ರೀಸ್, ರೋಮ್ ದೇಶಗಳ ಪ್ರಾಚೀನ ನಾಗರಿಕತೆಯನ್ನು ಕುರಿತು ನಾಲ್ಕು ಪುಟಗಳನ್ನಾದರೂ ಓದದೆ ಶಾಲೆಯನ್ನು ದಾಟಿದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಅಥೆನ್ಸಿನ ಪ್ರಜಾಸಭೆ, ಸಾಕ್ರೆಟೀಸನ ವಿಷಪಾನ, ರೋಮನರ ನ್ಯಾಯಶಾಸ್ತ್ರ, ಅವರ ರಾಜಮಾರ್ಗಗಳು ಇವೆಲ್ಲ ಪರೀಕ್ಷೆಯ ಮುನ್ನಾದಿನ ಕಂಠಸ್ಥವಾಗಿ ಮರುದಿನ ಮರೆತುಹೋಗುತ್ತವೆ. ಯಾದಗಿರಿ, ಶಹಾಪುರ, ಸುರಪುರಗಳ ತರುಣನಿಗೆ ಅದು ಸಪ್ತಸಾಗರಗಳಾಚೆಯ ಕಥೆ. ತನ್ನ ನೆಲಕ್ಕೂ ಅದಕ್ಕೂ ಏನು ಸಂಬಂಧವೆಂದು ಅವನು ಕೇಳಿದರೆ ಅದನ್ನು ಉದ್ಧಟತನವೆನ್ನಲಾಗದು. ಆ ಪ್ರಶ್ನೆಗೆ ಉತ್ತರವು ಅವನ ನೆರೆಯಲ್ಲಿಯೇ ಇದೆಯೆಂದು ನನ್ನ ನಂಬುಗೆ.

ಯಾದಗಿರಿ ಜಿಲ್ಲೆಯ ಮಗ್ಗುಲಲ್ಲಿ, ಭೀಮಾನದಿಯ ದಡದಲ್ಲಿ ಸನ್ನತಿ ಇದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡುಬಂದವು. ಅದು ಅಶೋಕ ಚಕ್ರವರ್ತಿಯ ಶಾಸನ. ಅವನ ಬಂಡೆಗಲ್ಲಿನ ಶಾಸನಮಾಲೆಯ 12 ಮತ್ತು 14ನೆಯವೂ ಎರಡು ಪ್ರತ್ಯೇಕ ಶಾಸನಗಳೂ ಆ ಕಲ್ಲಿನ ಎರಡು ಮೈಗಳಲ್ಲಿ ಭಾಗಶಃ ಉಳಿದಿವೆ. 12ನೆಯದರ ಸಾರವಿಷ್ಟು: ನಾಲಗೆಯ ಮೇಲೆ ಹಿಡಿತವಿರಲಿ, ಸ್ವಮತದ ಅತಿಸ್ತುತಿಯೂ ಪರಮತದ ನಿಂದೆಯೂ ಬೇಡ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು.

ಇದೇ 12ನೆಯ ಶಾಸನದ ಕೊನೆಯ ಭಾಗವನ್ನೂ 13ನೆಯದರ ಮೊದಲ ಭಾಗವನ್ನೂ ಗ್ರೀಕ್ ಭಾಷೆಯಲ್ಲಿ, ಗ್ರೀಕ್ ಲಿಪಿಯಲ್ಲಿ ಕೊರೆದ ಕಲ್ಲೊಂದು 1963ರಲ್ಲಿ ಆಫ್ಘಾನಿಸ್ಥಾನದ ಕಂದಹಾರದಲ್ಲಿ ದೊರೆಯಿತು. ಅಲೆಕ್ಸಾಂಡರನ ದಂಡಯಾತ್ರೆಯ ತರುವಾಯ ಆ ಸೀಮೆಯಲ್ಲಿ ನೆಲೆಸಿದ ಯವನರಿಗಾಗಿ ಅದನ್ನು ಬರೆಸಲಾಗಿತ್ತು. ಅನುವಾದಕನ ಜಾಣ್ಮೆಯನ್ನು ವಾಚಕರು ಗಮನಿಸಬೇಕು. ಮತಪಂಥವನ್ನು ಸೂಚಿಸುವ ಅಶೋಕನ ‘ಪಾಸಂಡ’ ಶಬ್ದಕ್ಕೆ ಅವನು ‘ದಿಯಾತ್ರಿಬೆ’ ಎಂಬ ಮಾತನ್ನು ಆರಿಸಿಕೊಂಡನು. ತತ್ತ್ವಜ್ಞಾನಿಗಳ ಶಿಷ್ಯಪರಂಪರೆಗೆ ಗ್ರೀಕರಲ್ಲಿದ್ದ ಹೆಸರು ಅದು. ನಮ್ಮಲ್ಲಿ ಮುಂದೆ ಬೈಗುಳಾಗಿ ಕೆಟ್ಟ ‘ಪಾಷಂಡ’ ಪದವು ಅಶೋಕನ ಕಾಲಕ್ಕೆ ನಿಂದೆಯ ಪದವಾಗಿರಲಿಲ್ಲವೆಂಬುದೂ ಇದರಿಂದ ವ್ಯಕ್ತವಾಗುತ್ತದೆ.

ಇಲ್ಲಿ ಒಂದು ಕಹಿಯಾದ ಸತ್ಯವೂ ಅಡಗಿದೆ. ಯವನರಿಗೆ ಯವನ ಭಾಷೆಯಲ್ಲಿ ಮಾತನಾಡಿದ ಅರಸನು ಭೀಮಾತೀರದವರಿಗೆ ಮಾತನಾಡಿದ್ದು ಪ್ರಾಕೃತದಲ್ಲಿ. ಗ್ರೀಕ್ ಭಾಷೆಯು ಆ ವೇಳೆಗಾಗಲೇ ಸೊಫೊಕ್ಲೀಸನ ನಾಟಕಗಳನ್ನೂ ಪ್ಲೇಟೋವಿನ ಸಂವಾದಗಳನ್ನೂ ಪಡೆದಿದ್ದ ಬರೆಹದ ಭಾಷೆ. ಕನ್ನಡವಾದರೋ ಹಲ್ಮಿಡಿಯ ಶಾಸನಕ್ಕಾಗಿ ಇನ್ನೂ ಸುಮಾರು ಏಳು ಶತಮಾನ ಕಾಯಬೇಕಾಗಿತ್ತು. ಬರೆಹಕ್ಕೆ ಇಳಿಯದ ನುಡಿಯ ಜನರಿಗೆ ಹಿತವಚನವೂ ಪರಭಾಷೆಯಲ್ಲಿಯೇ ಬರುತ್ತದೆ. 9ನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ವು ಪರಧರ್ಮ ಪರವಿಚಾರಗಳ ಸಹನೆಯನ್ನು ಕೊಂಡಾಡಿದಾಗ ಸನ್ನತಿಯ ಕಲ್ಲಿನ ನೀತಿಗೆ ಕನ್ನಡದ ಕೊರಳು ಒದಗಿದಂತಾಯಿತು.

ಪರರನ್ನು ಅರಿಯಹೊರಟು ದಾರಿ ತಪ್ಪುವುದೂ ಉಂಟು. 1840ರ ದಶಕದಲ್ಲಿ ಸುರಪುರದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ರಾಜನಕೋಳೂರಿನ ಕಲ್ಲುಗೋರಿಗಳನ್ನೂ ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಸಾಲಾಗಿ ಇರಿಸಿದ ಬಂಡೆಗಳನ್ನೂ ವಿದ್ವಲ್ಲೋಕಕ್ಕೆ ಪರಿಚಯಿಸಿದನು. ಅದಕ್ಕಾಗಿ ನಾವು ಅವನಿಗೆ ಋಣಿಗಳು. ಆದರೆ ಅವುಗಳಿಗೆ ಅವನು ಕೊಟ್ಟ ಹೆಸರುಗಳು ಸಿಥಿಯನ್, ಕೆಲ್ಟಿಕ್, ಡ್ರೂಯಿಡ್ ಎಂದು. ಯೂರೋಪಿನ ಗೋರಿಗಳೊಡನೆ ಹೋಲಿಕೆ ಕಂಡೊಡನೆ ಯೂರೋಪಿನ ಹೆಸರನ್ನೇ ಇಟ್ಟುಬಿಟ್ಟನು. ಅವು ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಕುರುಹುಗಳೆಂದು ಇಂದಿನ ಪುರಾತತ್ತ್ವಶಾಸ್ತ್ರವು ಹೇಳುತ್ತದೆ. ಗ್ರೀಕರ ವಿದ್ಯೆಯೆಲ್ಲ ನಮ್ಮಿಂದಲೇ ಹೋಯಿತೆಂದು ಸಭೆಗಳಲ್ಲಿ ಗುಡುಗುವ ನಮ್ಮವರ ದೋಷವೂ ಇದೇ ಜಾತಿಯದು.

ಕೊಟ್ಟುದೆಷ್ಟು, ಕೊಂಡುದೆಷ್ಟು ಎಂಬ ಲೆಕ್ಕಕ್ಕೆ ಗರ್ವವೂ ಬೇಡ, ನಾಚಿಕೆಯೂ ಬೇಡ. ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ದೊರೆತಿವೆ. ನಮ್ಮ ಶಾಸನಗಳ ‘ದ್ರಮ್ಮ’ವು ಗ್ರೀಕರ ದ್ರಾಖ್ಮೆಯಿಂದ ಬಂದುದು. 2009ರಲ್ಲಿ ಯಾದಗಿರಿಯು ಜಿಲ್ಲಾ ಕೇಂದ್ರವಾಯಿತೆನ್ನುವಾಗ ನಾವು ಆಡುವ ‘ಕೇಂದ್ರ’ವೂ ಜ್ಯೋತಿಷದ ಮಾರ್ಗವಾಗಿ ಸಂಸ್ಕೃತಕ್ಕೆ ಬಂದ ಗ್ರೀಕರ ‘ಕೆಂತ್ರೊನ್’.

ಕಂದಹಾರದ ಅನುವಾದಕನು ಮಾಡಿದ ಕೆಲಸವನ್ನು ನಮ್ಮ ಕಾಲದಲ್ಲಿ ಕನ್ನಡಕ್ಕಾಗಿ ಮಾಡಿದವರು ಬಿ. ಎಂ. ಶ್ರೀಕಂಠಯ್ಯನವರು. ಸೊಫೊಕ್ಲೀಸನ ‘ಅಯಾಸ್’ ನಾಟಕವನ್ನು ಕನ್ನಡಕ್ಕೆ ತರುವಾಗ ಅವರು ಗ್ರೀಕ್ ವೀರನ ಸ್ಥಾನದಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿದರು. ಈಸ್ಕಿಲಸನ ನಾಟಕವು ಅವರಿಂದ ‘ಪಾರಸಿಕರು’ ಆಯಿತು. ಗ್ರೀಸಿನ ದುರಂತ ದರ್ಶನವು ಕನ್ನಡಿಗರಿಗೆ ಹೀಗೆ ಸ್ವಂತದ್ದಾಯಿತು.

ನಮ್ಮ ಅಧ್ಯಾಪಕರಲ್ಲಿ ನನ್ನ ಬಿನ್ನಹ ಇಷ್ಟೆ. ಅಥೆನ್ಸಿನ ಪಾಠವನ್ನು ಆರಂಭಿಸುವ ಮೊದಲು ಮಕ್ಕಳನ್ನು ಒಮ್ಮೆ ಸನ್ನತಿಗೂ ವಿಭೂತಿಹಳ್ಳಿಗೂ ಕರೆದೊಯ್ಯಿರಿ. ಅಥೆನ್ಸಿನ ಪ್ರಜಾಸಭೆಯಲ್ಲಿ ಸ್ತ್ರೀಯರಿಗೂ ದಾಸರಿಗೂ ಸ್ಥಾನವಿರಲಿಲ್ಲವೆಂಬುದನ್ನೂ ಮರೆಯದೆ ಹೇಳಿರಿ. ಪೂಜೆಯ ಪೀಠವಾಗಿದ್ದರಿಂದ ಸನ್ನತಿಯ ಕಲ್ಲು ನಮ್ಮ ಕೈಸೇರುವವರೆಗೆ ಉಳಿದುಬಂದಿತು. ಪೀಠವಾಗುವ ಭಾಗ್ಯವಿಲ್ಲದೆ ಹೊಲಗಳಲ್ಲಿ ಬಿದ್ದಿರುವ ಕಲ್ಲುಗಳನ್ನು ಉಳಿಸಬಲ್ಲವರು ಅವುಗಳ ಬೆಲೆಯನ್ನು ಶಾಲೆಯಲ್ಲಿ ಅರಿತ ಮಕ್ಕಳು ಮಾತ್ರ.