ಸತ್ತವನಿಗೆ ವೀರಗಲ್ಲು, ಬದುಕಿ ಬಂದವನಿಗೆ?

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ದೇವಾಲಯಗಳು ಯುನೆಸ್ಕೋ ಪಟ್ಟಿ ಸೇರಿದವು. ಜನ ಬರ್ತಾರೆ, ಫೋಟೋ ಹೊಡೀತಾರೆ, ಹೋಗ್ತಾರೆ. ಹೊಯ್ಸಳೇಶ್ವರನ ಅಂಗಳದಲ್ಲೇ ಇರುವ ಕುವರ ಲಕ್ಷ್ಮನ ಕಂಬದ ಮುಂದೆ ನಿಲ್ಲುವವರು ಎಷ್ಟು ಮಂದಿ? ದೊರೆ ವೀರಬಲ್ಲಾಳ ತೀರಿಕೊಂಡಾಗ, ಕೊಟ್ಟ ಮಾತಿಗೆ ಕಟ್ಟುಬಿದ್ದು ತಾನೂ ಪ್ರಾಣ ಕೊಟ್ಟ ದಂಡನಾಯಕನ ಕಂಬ ಅದು. ಅರಸೀಕೆರೆ ಸುತ್ತಿನ ಹಳ್ಳಿಗಳಲ್ಲೂ ವೀರಗಲ್ಲುಗಳಿಗೆ ಬರವಿಲ್ಲ. ದನ ಕಾಯಲು ಹೋಗಿ ಸತ್ತವನಿಗೆ ಕಲ್ಲು, ಊರಿಗಾಗಿ ಸತ್ತವನಿಗೆ ಕಲ್ಲು.

ಅಂದರೆ ನಮ್ಮ ಸೀಮೆಯಲ್ಲಿ ವೀರ ಎನ್ನಿಸಿಕೊಳ್ಳಲು ಸಾಯಲೇಬೇಕೆ? ಈ ಪ್ರಶ್ನೆಗೆ ಉತ್ತರ ದೂರದಲ್ಲೇನೂ ಇಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಹುಬ್ಬಳ್ಳಿ ರೈಲು ಹತ್ತಿದರೆ ದಾರಿಯಲ್ಲೇ ಸಿಗುವ ಹಾವೇರಿಯಲ್ಲಿದೆ.

1918ರಲ್ಲಿ ಅಲ್ಲಿ ಹುಟ್ಟಿದವರು ರಾಮ ರಾಘೋಬ ರಾಣೆ. ಕಾರವಾರದ ಚೆಂಡಿಯಾ ಮೂಲದ ಪೊಲೀಸ್ ಪೇದೆಯ ಮಗ. 1940ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇನೆಗೆ ಸೇರಿದರು. 1947ರ ಡಿಸೆಂಬರಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಅಧಿಕಾರಿಗಳ ಸಾಲಿನಲ್ಲಿ ಅದು ಕಟ್ಟಕಡೆಯ ಮೆಟ್ಟಿಲು.

ನಾಲ್ಕೇ ತಿಂಗಳಿಗೆ, 1948ರ ಏಪ್ರಿಲ್ 8ರಂದು, ಕಾಶ್ಮೀರದ ನೌಶೇರಾ–ರಜೌರಿ ರಸ್ತೆಯಲ್ಲಿ ಅಗ್ನಿಪರೀಕ್ಷೆ. ನಮ್ಮ ಟ್ಯಾಂಕುಗಳು ರಜೌರಿ ಮುಟ್ಟಬೇಕು. ದಾರಿ ತುಂಬ ನೆಲಬಾಂಬು, ಕಡಿದು ಕೆಡವಿದ ಮರ. ಕೆಲಸ ಶುರುವಾಗುವ ಮೊದಲೇ ಶತ್ರುವಿನ ಮಾರ್ಟರ್ ಗುಂಡು ಬಿತ್ತು. ರಾಣೆಯವರ ತಂಡದಲ್ಲಿ ಇಬ್ಬರು ಸತ್ತರು, ಐವರಿಗೆ ಗಾಯ. ಆ ಐವರಲ್ಲಿ ರಾಣೆಯೂ ಒಬ್ಬರು.

ವಾಪಸು ಹೋಗಿದ್ದರೆ ಯಾರೂ ತಪ್ಪು ಅಂತಿರಲಿಲ್ಲ. ಹೋಗಲಿಲ್ಲ. ಉಳಿದವರನ್ನು ಕೂಡಿಸಿದರು, ಟ್ಯಾಂಕಿನ ಪಕ್ಕದಲ್ಲೇ ಕೆಲಸಕ್ಕೆ ಇಳಿದರು. ಮೇಲಿಂದ ಮೆಷಿನ್ ಗನ್ ಸುರಿಯುತ್ತಿದ್ದರೂ ರಾತ್ರಿ ಹತ್ತರವರೆಗೆ ದಾರಿ ಬಿಡಿಸಿದರು. ಮರುದಿನ ಬೆಳಗ್ಗೆ ಆರಕ್ಕೆ ಮತ್ತೆ ಹಾಜರು. 11ನೇ ತಾರೀಖಿನವರೆಗೂ ಇದೇ ಪಾಡು. 12ಕ್ಕೆ ರಜೌರಿ ಕೈಗೆ ಬಂತು.

ಇಲ್ಲಿ ಗಮನಿಸಬೇಕಾದ್ದು ಒಂದುಂಟು. ಈ ಮನುಷ್ಯನಿಗೆ ಹೆಸರು ಬಂದದ್ದು ಎಷ್ಟು ಜನರನ್ನು ಕೊಂದರು ಎಂಬುದಕ್ಕಲ್ಲ. ಹಿಂದೆ ಬರುವವರಿಗೆ ದಾರಿ ಮಾಡಿಕೊಟ್ಟದ್ದಕ್ಕೆ. "ನೀವು ಹೋಗಿ" ಎನ್ನುವವನು ಮೇಲಧಿಕಾರಿ. "ಬನ್ನಿ" ಎಂದು ತಾನೇ ಮುಂದೆ ಹೋಗಿ ಬಾಂಬಿಗೆ ಕೈ ಹಾಕುವವನು ನಾಯಕ. ಇಷ್ಟೇ ವ್ಯತ್ಯಾಸ.

ಈವರೆಗೆ ಪರಮವೀರ ಚಕ್ರ ಪಡೆದವರು 21 ಮಂದಿ. ಅವರಲ್ಲಿ 14 ಮಂದಿಗೆ ಸಿಕ್ಕಿದ್ದು ಸತ್ತ ಮೇಲೆ. ಬದುಕಿದ್ದು ಪಡೆದ ಏಳು ಮಂದಿಯಲ್ಲಿ ರಾಣೆ ಒಬ್ಬರು. 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು, 1994ರಲ್ಲಿ ತೀರಿಕೊಂಡರು. ಕಾರವಾರದ ಕಡಲ ದಂಡೆಯಲ್ಲಿ ಅವರ ಪ್ರತಿಮೆ ಇದೆ. ಅಂಡಮಾನಿನ ಒಂದು ದ್ವೀಪಕ್ಕೆ 2023ರಲ್ಲಿ ಅವರ ಹೆಸರಿಟ್ಟರು. ನಮ್ಮ ಜಿಲ್ಲೆಯ ಮಕ್ಕಳನ್ನು ಕೇಳಿ ನೋಡಿ, ಎಷ್ಟು ಜನಕ್ಕೆ ಆ ಹೆಸರು ಗೊತ್ತು?

ಸತ್ತ ಯೋಧ ಊರಿಗೆ ಬಂದರೆ ಅಂಗಡಿ ಬಾಗಿಲು ಹಾಕಿ ಮೆರವಣಿಗೆ ಮಾಡುತ್ತೇವೆ. ಮಾಡಬೇಕಾದ್ದೇ. ಆದರೆ ಬದುಕಿ ಬಂದ ಯೋಧ ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಂತಿರುತ್ತಾನೆ, ತಾಲ್ಲೂಕು ಕಚೇರಿಯಲ್ಲಿ ಕಾಗದ ಹಿಡಿದು ಅಲೆಯುತ್ತಾನೆ. ಅವನಿಗೆ ಯಾರೂ ಕಲ್ಲು ನೆಡಬೇಕಾಗಿಲ್ಲ. ಬಸ್ಸಿನಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟರೆ, ಕಚೇರಿಯಲ್ಲಿ "ನಾಳೆ ಬಾ" ಅನ್ನದಿದ್ದರೆ ಸಾಕು.