ರೈತನ ಸಾಲದ ಬಡ್ಡಿ ಯಾರು ಕಟ್ಟಬೇಕು?

ಮಣ್ಣು, ನೀರು ಉಳಿಸುವ ರೈತರ ನೆರವಿಗೆಂದು ಅಮೆರಿಕದ ಸಂಸತ್ತು 2022ರಲ್ಲಿ ಸುಮಾರು 1,950 ಕೋಟಿ ಡಾಲರ್ ತೆಗೆದಿರಿಸಿತ್ತು. ಅಲ್ಲಿ ಸಾಮಾನ್ಯವಾಗಿ ರೈತನೇ ಮೊದಲು ಕೈಯಿಂದ ಖರ್ಚು ಮಾಡಿ ಹುಲ್ಲುಗಾವಲಿಗೆ ಬೇಲಿ ಹಾಕಬೇಕು, ದನಗಳಿಗೆ ನೀರಿನ ತೊಟ್ಟಿ ಕಟ್ಟಬೇಕು. ತಪಾಸಣೆಯ ಬಳಿಕವಷ್ಟೇ ಸರಕಾರ ತನ್ನ ಪಾಲು ಕೊಡುತ್ತದೆ. 2025ರ ಜನವರಿಯಲ್ಲಿ ಅಧಿಕಾರಕ್ಕೆ ಮರಳಿದ ಟ್ರಂಪ್ ಆಡಳಿತವು ಈ ಹಣವನ್ನೇ ತಡೆಹಿಡಿಯಿತು. ಕರಾರು ನಂಬಿ ಸಾಲ ಮಾಡಿ ಬೇಲಿ ನೆಟ್ಟವನ ಗತಿಯೇನು? ಫೆಬ್ರವರಿಯಲ್ಲಿ ಮೊದಲ ಕಂತಾಗಿ ಬಿಡುಗಡೆಗೊಂಡದ್ದು ಸುಮಾರು 2 ಕೋಟಿ ಡಾಲರ್! ಹೊಸ ಸರಕಾರಕ್ಕೆ ಹೊಸ ಯೋಜನೆ ರೂಪಿಸುವ ಹಕ್ಕನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಹಿಯಾದ ಕರಾರು ಪಕ್ಷದ್ದಲ್ಲ, ದೇಶದ್ದು. ರೈತ ಅದನ್ನು ಮುರಿದರೆ ಪಡೆದ ಹಣವನ್ನು ಮರಳಿಸಬೇಕಾದೀತು. ಹಾಗಿರುವಾಗ, ತಡವಾದ ದಿನಗಳ ಬಡ್ಡಿಯನ್ನು ಸರಕಾರವೇ ತೆರಬೇಡವೇ?