ಏಳು ಕಡ್ಡಿಗಳ ಅಕ್ಷರಾಭ್ಯಾಸ

ಬಟ್ಟೆ ಒಗೆಯುವ ಯಂತ್ರ, ಮೈಕ್ರೊವೇವ್ ಒಲೆ, ಇಂಡಕ್ಷನ್ ಸ್ಟವ್ – ಇವುಗಳ ಮುಖದ ಮೇಲೆ ಬೆಳಗುವ ಅಂಕಿಗಳನ್ನು ಹತ್ತಿರದಿಂದ ನೋಡಿದ್ದೀರಾ? ಹೆಚ್ಚಿನವುಗಳಲ್ಲಿ ಪ್ರತಿ ಅಂಕಿಯೂ ಏಳು ಪುಟ್ಟ ಕಡ್ಡಿಗಳಿಂದಾಗಿರುತ್ತದೆ. ಏಳೂ ಬೆಳಗಿದರೆ 8. ನಡುವಿನದು ಆರಿದರೆ 0. ಬಲಗಡೆಯ ಎರಡು ಮಾತ್ರ ಬೆಳಗಿದರೆ 1.

ಅಂಕಿಗೇನೋ ಇಷ್ಟು ಸಾಕು. ಅಕ್ಷರಕ್ಕೆ? ಇಂಗ್ಲಿಷಿನ ದೊಡ್ಡ ‘ಬಿ’ ಬರೆದರೆ 8 ಆಗುತ್ತದೆ, ‘ಡಿ’ ಬರೆದರೆ ಸೊನ್ನೆಯಾಗುತ್ತದೆ. ಆದ್ದರಿಂದ ಅವೆರಡನ್ನೂ ಸಣ್ಣಕ್ಷರದಲ್ಲಿ ತೋರಿಸುತ್ತಾರೆ. ಆಗಲೂ ಸಣ್ಣ ‘ಬಿ’ಗೂ 6ಕ್ಕೂ ಇರುವ ವ್ಯತ್ಯಾಸ ನೆತ್ತಿಯ ಮೇಲಿನ ಒಂದೇ ಕಡ್ಡಿ! ಓರೆಗೆರೆಗಳಿರುವ ‘ಕೆ’, ‘ಡಬ್ಲ್ಯು’ ಸರಿಯಾಗಿ ಮೂಡುವುದೇ ಇಲ್ಲ. “ನೀರು ಬರುತ್ತಿಲ್ಲ, ನಲ್ಲಿ ತಿರುಗಿಸಿ” ಎನ್ನಬೇಕಾದ ಯಂತ್ರ ‘ಇ’ ಅಕ್ಷರದ ಪಕ್ಕ ಒಂದು ಅಂಕಿ ತೋರಿಸಿ ಸುಮ್ಮನಾಗಲು ಇದೂ ಒಂದು ಕಾರಣ. ಅದರ ಅರ್ಥ ಕೈಪಿಡಿಯಲ್ಲಿದೆ; ಕೈಪಿಡಿ ಅಟ್ಟದ ಮೇಲಿದೆ.

ಕನ್ನಡದ ದುಂಡಕ್ಷರಗಳಿಗೆ ಕಡ್ಡಿಗಳು ಒಗ್ಗವು, ಚುಕ್ಕಿಗಳೇ ಬೇಕು. ಚುಕ್ಕಿಗಳ ಪರದೆಗಳೂ ಇವೆ. ಅವುಗಳನ್ನು ನಡೆಸಲು ಬಹುಕಾಲದಿಂದ ಬಳಕೆಯಲ್ಲಿರುವ ಹಿಟಾಚಿಯ ಎಚ್‌ಡಿ 44780 ಮಾದರಿಯ ಚಿಪ್ ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಅಗಲದಲ್ಲಿ 5, ಎತ್ತರದಲ್ಲಿ 8 ಚುಕ್ಕಿಗಳ ಜಾಗ ಕೊಡುತ್ತದೆ. ಇಂಗ್ಲಿಷಿಗೆ ಈ 40 ಚುಕ್ಕಿಗಳು ಧಾರಾಳ. ಆದರೆ ‘ಸ್ತ್ರೀ’ ಎಂದು ಬರೆಯಲು ಹೊರಡಿ: ಮೇಲೆ ಗುಡಿಸು, ಕೆಳಗೆ ಎರಡು ಒತ್ತು, ಪಕ್ಕದಲ್ಲಿ ದೀರ್ಘ. ಎಲ್ಲವೂ ಅಷ್ಟರಲ್ಲಿ ಹಿಡಿಸುವುದೆಂತು? ಇಂದಿನ ಬಣ್ಣದ ಪರದೆಗಳಲ್ಲಿ ಚುಕ್ಕಿಗಳಿಗೆ ಬರವಿಲ್ಲ. ಅಲ್ಲಿ ಕನ್ನಡ ಮೂಡಿಸಲು ಬೇಕಾದದ್ದು ತಯಾರಕರ ಮನಸ್ಸು.

ಅಕ್ಷರ ಮೂಡಿದರೆ ಸಾಲದು, ಕಣ್ಣಿಗೆ ನಿಲುಕಬೇಕು. ಡಚ್ ನೇತ್ರವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಪ್ರಕಟಿಸಿದ ಅಕ್ಷರ ಫಲಕದ ಲೆಕ್ಕವನ್ನೇ ಹಿಡಿದರೆ, ಆರು ಮೀಟರ್ ದೂರದಿಂದ ಓದಲು ಅಕ್ಷರ ಸುಮಾರು 9 ಮಿಲಿಮೀಟರ್ ಎತ್ತರವಿರಬೇಕು. ಎರಡು ಮೀಟರಿಗೆ 3 ಮಿಲಿಮೀಟರ್. ಇದು ಒಳ್ಳೆಯ ಬೆಳಕಿನಲ್ಲಿ, ಒಳ್ಳೆಯ ದೃಷ್ಟಿಯವರಿಗೆ ಹೇಳಿದ ಕನಿಷ್ಠ ಗಾತ್ರ. ಅಡುಗೆಮನೆಯ ಮಬ್ಬಿನಲ್ಲಿ ಕನ್ನಡಕ ಹುಡುಕುವ ಅಜ್ಜಿಗೆ ಇದರ ಹಲವು ಪಟ್ಟು ಬೇಕು. ಆದ್ದರಿಂದ ಪಾಲಕರೇ, ಹೊಸ ಯಂತ್ರ ಕೊಳ್ಳುವಾಗ ಅದನ್ನು ದಿನವೂ ಬಳಸುವವರನ್ನು ಅಂಗಡಿಗೆ ಕರೆದೊಯ್ಯಿರಿ. ಪರದೆಯನ್ನು ಅವರೇ ಓದಿ ನೋಡಲಿ.

ವಿದ್ಯಾರ್ಥಿಗಳೇ, ಈ ಭಾನುವಾರ ನಿಮಗೊಂದು ಕೆಲಸ. ಅಟ್ಟದಿಂದ ಕೈಪಿಡಿ ಇಳಿಸಿ. ಅದರಲ್ಲಿರುವ ಸಂಕೇತಗಳನ್ನೂ ಅವುಗಳ ಅರ್ಥವನ್ನೂ ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿ. ಮನೆಯಲ್ಲಿ ಎಲ್ಲರಿಗೂ ದೂರದಿಂದಲೇ ಓದಲು ಬಂದರೆ ನಿಮಗೆ ನೂರಕ್ಕೆ ನೂರು ಅಂಕ!